ಗೈಡಿನ ದುಡ್ಡಲ್ಲಿ ಪುಸ್ತಕ

ಬಿ.ಎಸ್ಸಿ. ಫಿಸಿಕ್ಸ್‌ಗೆ ಸೇರಿದ ನಮ್ಮ ಹಾಸ್ಟೆಲ್ ಹುಡುಗರು ಮೊದಲು ಕೊಳ್ಳೋದು ಗೈಡು. ಕನ್ನಡ ಮೀಡಿಯಂನಿಂದ ಬಂದವರಿಗೆ ದಪ್ಪ ಇಂಗ್ಲಿಷ್ ಪುಸ್ತಕ ಕಂಡರೆ ಭಯ. ಗೈಡು ಓದಿ ಪಾಸಾಗಬಹುದು. ಆದರೆ ಎಮ್ಮೆಸ್ಸಿ ಪ್ರವೇಶ ಪರೀಕ್ಷೆ ಉರು ಹೊಡೆದದ್ದನ್ನು ಕೇಳೋಲ್ಲ, ಹೊಸ ಲೆಕ್ಕ ಕೊಡುತ್ತೆ. ನಮ್ಮವರು ಸೋಲುವುದು ಅಲ್ಲೇ. ಅಕ್ಷರದಿಂದ ದೂರ ಇಟ್ಟಿದ್ದ ಜನ ನಾವು. ಈಗ ಪುಸ್ತಕದ ಎಂಜಲಿಗೆ ಯಾಕೆ ತೃಪ್ತರಾಗಬೇಕು?

ಒಂದೇ ರೂಮಿನ ನಾಲ್ವರು ಒಂದೇ ಗೈಡಿನ ನಾಲ್ಕು ಪ್ರತಿ ಕೊಂಡದ್ದನ್ನು ಕಂಡಿದ್ದೇವೆ! ಆ ದುಡ್ಡು ಕೂಡಿಸಿ ಅವೆನ್ಯೂ ರಸ್ತೆಯಲ್ಲಿ ರೆಸ್ನಿಕ್-ಹ್ಯಾಲಿಡೇಯ ಹಳೇ ಪ್ರತಿ ಹುಡುಕಿ. 1960ರಲ್ಲಿ ಮೊದಲು ಬಂದ ಪುಸ್ತಕ ಅದು. ಹೊಸ ಆವೃತ್ತಿಯೇ ಆಗಬೇಕೆಂದಿಲ್ಲ. ನ್ಯೂಟನ್ನನ ನಿಯಮ ಆವೃತ್ತಿಗೊಮ್ಮೆ ಬದಲಾಗೋಲ್ಲ, ಲೆಕ್ಕದ ನಂಬರು ಬದಲಾಗುತ್ತೆ. ಮಾಸ್ಕೋದ ಮೀರ್ ಪ್ರಕಾಶನದ ಇರೋಡೋವ್ ಸಿಕ್ಕರೆ ಬಿಡಬೇಡಿ. ಫೈನ್‌ಮನ್‌ನ ಮೂರೂ ಸಂಪುಟಗಳನ್ನು ಕ್ಯಾಲ್ಟೆಕ್‌ನವರ ವೆಬ್‌ಸೈಟಿನಲ್ಲಿ ಪುಕ್ಕಟೆ ಓದಬಹುದು. ಅದರಿಂದಲೇ ಶುರು ಮಾಡಬೇಡಿ, ತಲೆ ಕೆಟ್ಟೀತು.

ಕೊಳ್ಳುವ ಮುಂಚೆ ಒಂದು ಕೆಲಸ. ಹಲವು ಕಾಲೇಜು ಲೈಬ್ರರಿಗಳಲ್ಲಿ ಎಸ್.ಸಿ., ಎಸ್.ಟಿ. ಬುಕ್ ಬ್ಯಾಂಕ್ ಇದೆ. ನಿಮ್ಮಲ್ಲಿ ಇದೆಯಾ ಅಂತ ಕೇಳಿ. ಅದು ಭಿಕ್ಷೆಯಲ್ಲ. ‘ಪುಸ್ತಕ ಇಲ್ಲ’ ಅಂದರೆ ರಿಜಿಸ್ಟರ್ ತೋರಿಸಿ ಅನ್ನಿ. ಒಬ್ಬರೇ ಹೋಗಬೇಡಿ, ನಾಲ್ವರೂ ಹೋಗಿ.