ಸಹಿ ಮಾಡಿದ ಪುಸ್ತಕ, ಅಟ್ಟ ಸೇರಿದ ಪುಸ್ತಕ

ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ತಂದೆಯೊಬ್ಬರು ಬರೆದ ಪತ್ರ ಈ ವಾರ ನನ್ನ ಮುಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ಮಗ ಮೊದಲ ಪಿಯುಸಿ, ವಿಜ್ಞಾನ ವಿಭಾಗ. ಓದಿನಲ್ಲಿ ಹಿಂದೆ ಬಿದ್ದವನಲ್ಲ. ಆದರೆ ಎರಡು ವರ್ಷದಿಂದ ಹುಡುಗನಿಗೆ ಫ್ಯಾಂಟಸಿ ಕಾದಂಬರಿಗಳ ಹುಚ್ಚು. ಮಾಂತ್ರಿಕರು, ಹಾರುವ ಡ್ರ್ಯಾಗನ್‌ಗಳು, ಯಾವ ಭೂಪಟದಲ್ಲೂ ಇಲ್ಲದ ರಾಜ್ಯಗಳು. ಈಗ ಅವನ ಮೆಚ್ಚಿನ ಲೇಖಕರೊಬ್ಬರು ಬೆಂಗಳೂರಿನ ಪುಸ್ತಕದಂಗಡಿಯೊಂದಕ್ಕೆ ಬರುತ್ತಾರಂತೆ. ಕೊಂಡವರ ಪುಸ್ತಕಕ್ಕೆ ಸಹಿ ಹಾಕಿಕೊಡುತ್ತಾರಂತೆ. ಅಂದು ವಿಶೇಷ ಆವೃತ್ತಿಯೂ ಮಾರಾಟಕ್ಕಿದೆ. ಗಟ್ಟಿ ರಟ್ಟು, ಬಣ್ಣದ ನಕಾಶೆ, ಹಾಳೆಯ ಅಂಚಿಗೆ ಚಿನ್ನದ ಬಣ್ಣ. ಅದೇ ಕಾದಂಬರಿಯ ಸಾದಾ ಪ್ರತಿ ಆಗಲೇ ಮನೆಯಲ್ಲಿದೆ.

"ಇರೋ ಪುಸ್ತಕಾನೇ ಮತ್ತೆ ಯಾಕೋ ತಗೋಬೇಕು?" ಎಂದು ತಂದೆ ಕೇಳಿದ್ದಾರೆ. "ಅದು ಬೇರೆ ಅಪ್ಪಾಜಿ, ನಿಮಗೆ ಗೊತ್ತಾಗಲ್ಲ" ಎಂದು ಮಗ ಹೇಳಿದ್ದಾನೆ. ಮಾತಿಗೆ ಮಾತು ಬೆಳೆದು, ತಂದೆ ಕಪಾಟಿನಲ್ಲಿದ್ದ ನಲವತ್ತೂ ಚಿಲ್ಲರೆ ಕಾದಂಬರಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಪರೀಕ್ಷೆ ಮುಗಿಯುವ ತನಕ ಎಂದು ಅಟ್ಟಕ್ಕೆ ಏರಿಸಿದ್ದಾರೆ. ಹುಡುಗ ಜಗಳವಾಡಲಿಲ್ಲವಂತೆ. ಹನ್ನೊಂದು ದಿನದಿಂದ ಮಾತನ್ನೇ ಬಿಟ್ಟಿದ್ದಾನೆ. ಊಟಕ್ಕೆ ಬರುತ್ತಾನೆ, ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. "ಒಂದು ಗೀಚಿಗಾಗಿ ಸುಮಾರು 260 ಕಿಲೋಮೀಟರ್ ಹೋಗಬೇಕೆ? ಇದಕ್ಕೇನು ಮದ್ದು?" ಇದು ತಂದೆಯ ಪ್ರಶ್ನೆ.

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದುಡಿದು ತರುವವರಿಗೆ ದುಡ್ಡಿನ ಬೆಲೆ ಗೊತ್ತಿರುತ್ತದೆ. ಹಾಸ್ಟೆಲು, ಟ್ಯೂಷನ್ನು, ಕಾಲೇಜುಗಳೇ ಬದುಕಾಗಿರುವ ದಾವಣಗೆರೆಯಂಥ ಊರಿನಲ್ಲಿ ಪಿಯುಸಿ ಎಂದರೆ ಇಡೀ ಮನೆಯೇ ಪರೀಕ್ಷೆಗೆ ಕೂತಂತೆ. ಆದರೂ ಮೊದಲು ಆ 'ಗೀಚಿ'ನ ವಿಚಾರ ನೋಡೋಣ.

ಲೇಖಕ ಓದುಗನನ್ನು ಮುಖಾಮುಖಿ ಕಾಣುವುದು ಪರದೇಶದಿಂದ ಬಂದ ಹೊಸ ಶೋಕಿ ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಹರಿಹರವನ್ನು ದಾಟಿ ಮುಂದೆ ಹರಿಯುವ ತುಂಗಭದ್ರೆಗೆ ವರದೆ ಬಂದು ಸೇರುವಲ್ಲಿ ಗಳಗನಾಥ ಎಂಬ ಊರಿದೆ. ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಕೊಂಡು ಓದುವ ಅಭ್ಯಾಸವೇ ಇಲ್ಲದಿದ್ದ ಕಾಲ. ಓದುಗ ಲೇಖಕನ ಬಳಿಗೆ ಬಾರದಿದ್ದಾಗ ಲೇಖಕನೇ ಓದುಗನ ಬಾಗಿಲಿಗೆ ಹೋದ. ಇಂದು ಅದು ತಿರುಗುಮುರುಗಾಗಿದೆ, ಹುಡುಗ ರೈಲು ಹತ್ತಿ ಲೇಖಕನ ಬಳಿಗೆ ಹೋಗಬೇಕೆನ್ನುತ್ತಾನೆ. ಗಳಗನಾಥರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರೇ ಹೊರತು ಹುಡುಗನನ್ನು ಗದರುತ್ತಿರಲಿಲ್ಲ.

1992ರ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ದಾವಣಗೆರೆಯಲ್ಲೇ ನಡೆಯಿತು, ಅಧ್ಯಕ್ಷರು ಜಿ.ಎಸ್. ಶಿವರುದ್ರಪ್ಪನವರು. ಯಾವುದೇ ಸಮ್ಮೇಳನಕ್ಕೆ ಹೋಗಿ ನೋಡಿ, ವೇದಿಕೆಯ ಭಾಷಣಕ್ಕಿಂತ ಪುಸ್ತಕ ಮಳಿಗೆಗಳಲ್ಲಿ ಜನ ಹೆಚ್ಚು. ಅಲ್ಲಿ ಲೇಖಕರೊಬ್ಬರು ಸಿಕ್ಕರೆ ಮಕ್ಕಳು ನೋಟ್ ಬುಕ್ಕನ್ನೋ ಆಗ ತಾನೇ ಕೊಂಡ ಪುಸ್ತಕವನ್ನೋ ಚಾಚುತ್ತಾರೆ. ಹಿಮಾಲಯದ ತಪ್ಪಲಿನ ಮಸ್ಸೂರಿಯಲ್ಲಿ ರಸ್ಕಿನ್ ಬಾಂಡ್ ಅನೇಕ ವರ್ಷ ಶನಿವಾರಗಳಂದು ಪುಸ್ತಕದಂಗಡಿಯೊಂದರಲ್ಲಿ ಕುಳಿತು, ಸಾಲುಗಟ್ಟಿ ನಿಂತ ಮಕ್ಕಳಿಗೆ ಸಹಿ ಹಾಕಿಕೊಟ್ಟರು.

ಸಹಿಗೆ ಬೆಲೆ ಕಟ್ಟಿದವರಲ್ಲಿ ಗಾಂಧೀಜಿಯೂ ಒಬ್ಬರು. ಹರಿಜನ ಪ್ರವಾಸದಲ್ಲಿ 1934ರಲ್ಲಿ ದಾವಣಗೆರೆಗೂ ಬಂದಿದ್ದ ಅವರು, ಹಸ್ತಾಕ್ಷರ ಕೇಳಿದವರಿಂದ ಹರಿಜನ ನಿಧಿಗೆಂದು ಐದು ರೂಪಾಯಿ ವಸೂಲು ಮಾಡುತ್ತಿದ್ದರು. ಹ್ಯಾರಿ ಪಾಟರ್ ಕಥೆಗಳ ಜೆ.ಕೆ. ರೌಲಿಂಗ್ 2007ರಲ್ಲಿ ಒಂದು ಕಥಾಸಂಕಲನದ ಏಳೇ ಏಳು ಪ್ರತಿಗಳನ್ನು ಕೈಯಿಂದ ಬರೆದು, ಚಿತ್ರವನ್ನೂ ತಾವೇ ಬಿಡಿಸಿದರು. ಆರನ್ನು ಆಪ್ತರಿಗೆ ಕೊಟ್ಟು, ಏಳನೆಯದನ್ನು ಹರಾಜಿಗಿಟ್ಟರು. 19 ಲಕ್ಷ 50 ಸಾವಿರ ಪೌಂಡ್ ಬಂತು. ಅದು ಸೇರಿದ್ದು ಮಕ್ಕಳ ಸೇವಾ ನಿಧಿಗೆ. ಕೈಬರಹದಲ್ಲಿ ಮನುಷ್ಯನ ಸ್ಪರ್ಶ ಇರುತ್ತದೆ ಎಂಬ ನಂಬಿಕೆ ಹಳೆಯದು, ಲೋಕದ ತುಂಬ ಇರುವಂಥದ್ದು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮಾಯಾಲೋಕವನ್ನು ಕಟ್ಟಿದವರು ನಮ್ಮ ನಿಮ್ಮಂತೆ ಕನ್ನಡಕ ಒರೆಸಿಕೊಂಡು, ಕಾಫಿ ಕುಡಿಯುತ್ತ ಮೇಜಿನ ಹಿಂದೆ ಕುಳಿತಿರುವುದನ್ನು ಹುಡುಗ ಕಣ್ಣಾರೆ ಕಾಣುತ್ತಾನೆ. ಪುಸ್ತಕ ಆಕಾಶದಿಂದ ಉದುರುವುದಿಲ್ಲ, ಯಾರೋ ಒಬ್ಬರು ದಿನವೂ ಕುಳಿತು ಬರೆಯಬೇಕು ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ. 'ಹಾಬಿಟ್' ಬರೆದ ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರು. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಖಾಲಿ ಬಿಟ್ಟಿದ್ದ ಪುಟದಲ್ಲಿ ಆ ಕಥೆಯ ಮೊದಲ ವಾಕ್ಯವನ್ನು ಬರೆದರಂತೆ. 1937ರಲ್ಲಿ ಅಚ್ಚಾದದ್ದು 1,500 ಪ್ರತಿ. ಶಿವನನ್ನು ನಾಯಕನಾಗಿಸಿ 2010ರಲ್ಲಿ ಮೆಲೂಹದ ಕಥೆ ತಂದ ಅಮೀಶ್ ಐಐಎಂನಲ್ಲಿ ಓದಿ ಹಣಕಾಸಿನ ಉದ್ಯೋಗದಲ್ಲಿದ್ದವರು. ಪ್ರಕಾಶಕರು ಬೇಡವೆಂದಾಗ ಸ್ವಂತವಾಗಿ ಅಚ್ಚು ಹಾಕಿಸಿ, ಮೊದಲ ಅಧ್ಯಾಯವನ್ನು ಅಂಗಡಿಗಳಲ್ಲಿ ಪುಕ್ಕಟೆ ಹಂಚಿಸಿದರು. ಆ ಕಥೆ ಕನ್ನಡಕ್ಕೂ ಬಂದಿದೆ. ನಮ್ಮ ಮಕ್ಕಳಿಗೆ ಕಿಂದರಿಜೋಗಿಯನ್ನು ಕೊಟ್ಟ ಕುವೆಂಪು ಕೂಡ ಕಾಲೇಜು ಮೇಷ್ಟರೇ. ವಿಜ್ಞಾನ ಓದುವ ಹುಡುಗ ಇಂಥವರನ್ನು ಹತ್ತಿರದಿಂದ ಕಂಡರೆ ಕೆಡುವುದು ಏನೂ ಇಲ್ಲ.

ಇನ್ನು ಎರಡನೆಯ ಪ್ರಶ್ನೆ: ಇರುವ ಪುಸ್ತಕವನ್ನೇ ಮತ್ತೆ ಏಕೆ ಕೊಳ್ಳಬೇಕು?

ಇಲ್ಲಿ ಮಕ್ಕಳಿಗೆ ಒಂದು ಮಾತು. ಹೊಳೆಯುವುದೆಲ್ಲ ಚಿನ್ನವಲ್ಲ, 'ವಿಶೇಷ' ಎಂದು ಬರೆದದ್ದೆಲ್ಲ ವಿಶೇಷವೂ ಅಲ್ಲ. ಪುಸ್ತಕ ಸಂಗ್ರಹಿಸುವವನು ಮೊದಲು ಕಲಿಯಬೇಕಾದದ್ದು ಶೀರ್ಷಿಕೆಯ ಹಿಂದಿನ ಪುಟವನ್ನು ಓದುವುದು. ಅಲ್ಲಿ ಯಾವ ವರ್ಷ, ಎಷ್ಟನೆಯ ಮುದ್ರಣ ಎಂದಿರುತ್ತದೆ. ಮುದ್ರಣ ಬೇರೆ, ಆವೃತ್ತಿ ಬೇರೆ. ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ. ತಿದ್ದಿಯೋ ಹೊಸದನ್ನು ಸೇರಿಸಿಯೋ ತಂದರೆ ಹೊಸ ಆವೃತ್ತಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅನೇಕ ಸಲ ಹತ್ತರಿಂದ ಒಂದರವರೆಗೆ ಅಂಕಿಗಳ ಸಾಲಿರುತ್ತದೆ. ಆ ಸಾಲಿನಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಎಷ್ಟನೆಯ ಮುದ್ರಣ ಎಂಬುದನ್ನು ಹೇಳುತ್ತದೆ.

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ 1997ರ ಜೂನ್ 26ರಂದು ಲಂಡನ್ನಿನಲ್ಲಿ ಹೊರಬಂದಾಗ ಗಟ್ಟಿ ರಟ್ಟಿನ ಪ್ರತಿ ಅಚ್ಚಾದದ್ದು ಬರೀ 500. ಅದರಲ್ಲಿ ಸುಮಾರು 300 ಗ್ರಂಥಾಲಯಗಳಿಗೆ ಹೋಯಿತು. ಅದರ 53ನೆಯ ಪುಟದಲ್ಲಿ, ಶಾಲೆಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ, ಮಂತ್ರದಂಡ ಎರಡು ಸಲ ಅಚ್ಚಾಗಿಬಿಟ್ಟಿದೆ. ಆ ತಪ್ಪೇ ಈಗ ಗುರುತು. 2021ರ ಡಿಸೆಂಬರಿನಲ್ಲಿ ಅಂಥ ಒಂದು ಪ್ರತಿ ಅಮೆರಿಕದ ಹರಾಜಿನಲ್ಲಿ 4 ಲಕ್ಷ 71 ಸಾವಿರ ಡಾಲರಿಗೆ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿಗೆ ಹೋಯಿತು.

ಇದನ್ನು ಓದಿದ ಕೂಡಲೇ "ನೋಡಿ ಅಪ್ಪಾಜಿ, ಇದು ಖರ್ಚಲ್ಲ, ಹೂಡಿಕೆ" ಎಂದು ಯಾವ ಮಗನೂ ಹೇಳಬಾರದು. ಹೇಳಿದರೆ ಯಾವ ತಂದೆಯೂ ನಂಬಬಾರದು. ಆ 500 ಪ್ರತಿಗಳಿಗೆ ಬೆಲೆ ಬಂದದ್ದು ಆಗ ಯಾರೂ ಅವನ್ನು ಜೋಪಾನ ಮಾಡದೆ ಇದ್ದುದರಿಂದ. ಓದಿ, ಎರವಲು ಕೊಟ್ಟು, ಹರಿದು ಹಾಕಿದ್ದರಿಂದ ಉಳಿದವು ವಿರಳವಾದವು. ಇಂದು ಸಾವಿರಗಟ್ಟಲೆ ಅಚ್ಚು ಹಾಕಿ, ಸಂಗ್ರಹಕ್ಕೆಂದೇ ಮಾರಿ, ಎಲ್ಲರೂ ಕಪಾಟಿನಲ್ಲಿ ಬಚ್ಚಿಟ್ಟ ಪುಸ್ತಕ ವಿರಳವಾಗುವುದಾದರೂ ಹೇಗೆ? ಕೊಳ್ಳುವ ಮುನ್ನ ಮೂರು ವಿಷಯ ಕೇಳಿ. ಒಟ್ಟು ಎಷ್ಟು ಪ್ರತಿ? ಅದನ್ನು ಪುಸ್ತಕದಲ್ಲೇ ನಮೂದಿಸಿದ್ದಾರೆಯೇ? ಸಹಿ ಪೆನ್ನಿನದೋ, ಅಚ್ಚಿನದೋ? ಅನೇಕ ಪುಸ್ತಕಗಳಲ್ಲಿ ಲೇಖಕರು ಬಿಡಿ ಹಾಳೆಗಳ ಮೇಲೆ ಮೊದಲೇ ಸಹಿ ಹಾಕಿ ಕಳಿಸಿ, ಆಮೇಲೆ ಅದನ್ನು ಒಳಗೆ ಸೇರಿಸಿ ಹೊಲಿಯುತ್ತಾರೆ. ಮೋಸವೇನಲ್ಲ, ಆದರೆ ಎದುರಿಗೆ ನಿಂತು ಹಾಕಿಸಿಕೊಂಡ ಸಹಿಗೂ ಅದಕ್ಕೂ ವ್ಯತ್ಯಾಸ ಇದೆ.

ಹಾಗಿದ್ದರೆ ವಿಶೇಷ ಆವೃತ್ತಿ ಬರೀ ವ್ಯಾಪಾರವೇ? ಅದೂ ಅಲ್ಲ. 2022ರಲ್ಲಿ ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ನಾಲ್ಕು ಹೊಸ ಕಾದಂಬರಿಗಳ ವಿಶೇಷ ಆವೃತ್ತಿಗೆ ಅಂತರ್ಜಾಲದ ಮೂಲಕ ಓದುಗರಿಂದಲೇ ಮುಂಗಡ ಹಣ ಕೇಳಿದರು. 1 ಲಕ್ಷ 85 ಸಾವಿರಕ್ಕೂ ಹೆಚ್ಚು ಜನ ಸೇರಿ 4 ಕೋಟಿ 17 ಲಕ್ಷ ಡಾಲರ್ ಕಟ್ಟಿದರು. ಲೋಕವೇ ಬೆರಗಾಯಿತು. ಆದರೆ ಪುಸ್ತಕ ಅಚ್ಚಾಗುವ ಮೊದಲೇ ಓದುಗ ಹಣ ಕೊಟ್ಟು ಲೇಖಕನ ಬೆನ್ನಿಗೆ ನಿಲ್ಲುವುದು ಧಾರವಾಡಕ್ಕೆ ಹೊಸದಲ್ಲ. ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿ ಬೆಳೆದದ್ದು ಚಂದಾದಾರರ ಬಲದ ಮೇಲೆಯೇ. ಆ ಚಂದಾದಾರರು ಶ್ರೀಮಂತರಾಗಲು ಪುಸ್ತಕ ಕೊಳ್ಳಲಿಲ್ಲ, ಓದಲು ಕೊಂಡರು. ಹಾಗೆ ಕೊಂಡದ್ದರಿಂದ ಕನ್ನಡಕ್ಕೆ ಪುಸ್ತಕಗಳು ಬಂದವು.

ಸಂಗ್ರಹಕ್ಕೆ ದೂರ ಹೋಗಬೇಕೆಂದೂ ಇಲ್ಲ. ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲೆಯ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯದು. ಮೊದಲ ಹತ್ತು ಎಲ್ಲಿ ಹೋದವು? 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದವು. ಸಿಂಡರೆಲ್ಲಾ, ಅಲ್ಲಾದೀನನಂಥ ಮಾಯಾಕಥೆಗಳು. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ವರ್ಷವರ್ಷದ 'ಚಂದಮಾಮ'ಗಳನ್ನು ಸೇರಿಸಿ ರಟ್ಟು ಹಾಕಿಸಿಟ್ಟಿದ್ದರು. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮ ಫ್ಯಾಂಟಸಿಯ ನಾಯಕನಲ್ಲದೆ ಮತ್ತೇನು? ಇದನ್ನು ಓದುತ್ತಿರುವ ತಂದೆ ತಾಯಂದಿರು ನೆನಪು ಮಾಡಿಕೊಳ್ಳಲಿ. ನಿಮ್ಮ ಚಂದಮಾಮವನ್ನು ಯಾರಾದರೂ ರದ್ದಿಗೆ ಹಾಕಿದಾಗ ನಿಮಗೆ ಏನೆನ್ನಿಸಿತ್ತು?

ಆದ್ದರಿಂದ ಪತ್ರ ಬರೆದ ತಂದೆಯವರಲ್ಲಿ ನನ್ನ ವಿನಂತಿ ಇಷ್ಟು. ಮೊದಲು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ. ಪುಸ್ತಕ ಕಿತ್ತುಕೊಂಡರೆ ಹುಡುಗ ಪಠ್ಯಪುಸ್ತಕ ಹಿಡಿಯುತ್ತಾನೆ ಎಂಬುದು ನಮ್ಮ ಆಸೆ. ಸಾಮಾನ್ಯವಾಗಿ ಅವನ ಕೈಗೆ ಬರುವುದು ಮೊಬೈಲು. ಎರಡನೆಯದು, ಅವನನ್ನು ಒಬ್ಬನನ್ನೇ ಕಳಿಸಬೇಡಿ, ಬೇಡವೆಂದೂ ಹೇಳಬೇಡಿ, ಜೊತೆಗೆ ಹೋಗಿ. ಭಾನುವಾರ ಬೆಳಗಿನ ಗಾಡಿಗೆ ಹೋಗಿ ರಾತ್ರಿಗೆ ಬರಬಹುದು. ಹೋಗುವ ಮುನ್ನ ಅವನ ಬಳಿ ಇರುವ ಸಾದಾ ಪ್ರತಿಯ ಮೊದಲ ಐವತ್ತು ಪುಟ ನೀವೂ ಓದಿ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಎಂದೇ ಹೇಳಿ. ಓದದೆ ಆಡುವ ಬೈಗುಳವನ್ನು ಅವನು ಸಹಿಸುವುದಿಲ್ಲ. ಓದಿ ಆಡುವ ಟೀಕೆಗೆ ಉತ್ತರ ಹುಡುಕುತ್ತಾನೆ. ಹನ್ನೊಂದು ದಿನ ನಿಂತ ಮಾತು ಅಲ್ಲಿಂದ ಶುರುವಾದೀತು.

ಮಗನಿಗೂ ಷರತ್ತುಗಳಿವೆ. ವಿಶೇಷ ಆವೃತ್ತಿಯ ಹಣದಲ್ಲಿ ಅರ್ಧ ನಿನ್ನ ಉಳಿತಾಯದಿಂದ ಬರಲಿ. ಅಷ್ಟು ಇಲ್ಲದಿದ್ದರೆ ಸಾದಾ ಪ್ರತಿಗೆ ಸಹಿ ಹಾಕಿಸಿಕೊ. ಹಾಗೆ ಹಾಕಿಕೊಡುತ್ತಾರೆಯೇ ಎಂದು ಅಂಗಡಿಗೆ ಮೊದಲೇ ಫೋನು ಮಾಡಿ ಕೇಳು. ನಿಜವಾದ ಓದುಗನಿಗೆ ಅಂಚು ಮಡಿಸಿದ, ಗುರುತು ಹಾಕಿದ ಹಳೆಯ ಪ್ರತಿಯ ಮೇಲಿನ ಸಹಿಯೇ ಹೆಚ್ಚು. ಹೊಸ ಪ್ರತಿ ಕೊಂಡರೆ ಸಾದಾ ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೋ ಓದಬಯಸುವ ಗೆಳೆಯನಿಗೋ ಕೊಡು. ಪ್ರಯಾಣದ ಆ ದಿನದ ಪಾಠವನ್ನು ಹಿಂದಿನ ವಾರವೇ ಮುಗಿಸು. ಲೇಖಕರ ಎದುರು ನಿಂತಾಗ ಫೋಟೋಗಾಗಿ ಪರದಾಡುವ ಬದಲು ಒಂದೇ ಒಂದು ಪ್ರಶ್ನೆ ಕೇಳು, ಆ ಕಾದಂಬರಿಯನ್ನು ಓದಿದವನು ಮಾತ್ರ ಕೇಳಬಹುದಾದ ಪ್ರಶ್ನೆ. ಸಹಿಗಿಂತ ಅದರ ಉತ್ತರ ಹೆಚ್ಚು ದಿನ ಉಳಿಯುತ್ತದೆ.

ಹೀಗೆ ತಂದ ಪುಸ್ತಕವನ್ನು ಇಡುವ ಕ್ರಮ ಎಲ್ಲ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬಂದೀತು. ನಿನ್ನ ಹೆಸರನ್ನು ಚೀಟಿಯಲ್ಲಿ ಬರೆದು ಕೊಡು, ಕಾಗುಣಿತ ತಪ್ಪುವುದಿಲ್ಲ. ಶೀರ್ಷಿಕೆಯ ಪುಟದಲ್ಲಿ ಸಹಿ, ಕೆಳಗೆ ಊರು ಮತ್ತು ದಿನಾಂಕ. ಶಾಯಿ ಆರುವ ತನಕ ಮುಚ್ಚಬೇಡ. ಹೊದಿಕೆಗೆ ಅಂಟುವ ಪ್ಲಾಸ್ಟಿಕ್ ಹಚ್ಚಬೇಡ. ನಮ್ಮ ಕಡೆಯ ಬೇಸಿಗೆಯ ಬಿಸಿಲು ನೇರ ಬಿದ್ದರೆ ಪುಸ್ತಕದ ಬೆನ್ನಿನ ಬಣ್ಣ ಹೋಗುತ್ತದೆ. ಕಿಟಕಿಯಿಂದ ದೂರ, ನೆಟ್ಟಗೆ ನಿಲ್ಲಿಸಿಡು. ಒಳಗೆ ಒಣ ಬೇವಿನ ಎಲೆ ಸಾಕು. ತಿಂಗಳಿಗೊಮ್ಮೆ ತೆಗೆದು ಹಾಳೆ ತಿರುವಿದರೆ ಹುಳ ಸೇರದು.

ಹುಳಕ್ಕೆ ಅತ್ಯಂತ ಪ್ರಿಯವಾದದ್ದು ಯಾರೂ ತೆರೆಯದ ಪುಸ್ತಕ. ಅದು ಅಟ್ಟದ ಮೇಲಿದ್ದರೂ ಸರಿ, ಚಿನ್ನದ ಅಂಚಿನದಾಗಿ ಗಾಜಿನ ಕಪಾಟಿನಲ್ಲಿದ್ದರೂ ಸರಿ.