ಕತ್ತರಿ ಹಾಕುವ ಮುನ್ನ

ಸಹೋದರಿಯರೇ, ನಗರಗೆರೆಯಿಂದ ಗೌರಿಬಿದನೂರಿಗೋ ಗಡಿಯಾಚೆಯ ಹಿಂದೂಪುರಕ್ಕೋ ಹೋಗಿ ಹಬ್ಬಕ್ಕೆಂದು ತಂದ ಬಟ್ಟೆಗೆ ಕತ್ತರಿ ತಪ್ಪಿ ಬಿದ್ದರೆ ನಷ್ಟ ನಮ್ಮದೇ. ಈಗ ಕುರ್ತಾ, ಫ್ರಾಕುಗಳ ಕಾಗದದ ಮಾದರಿಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಕೆಲವು ಉಚಿತವಾಗಿಯೇ. ಬೇರೆ ಬೇರೆ ಅಳತೆಯ ಇಂತಹ ಮಾದರಿಯನ್ನು ಅಮೆರಿಕದ ದರ್ಜಿ ಎಬನೇಜರ್ ಬಟರಿಕ್ 1863ರಲ್ಲೇ ರೂಪಿಸಿದ್ದ. ಈಗಿನ ವ್ಯತ್ಯಾಸವೆಂದರೆ ಅದು ಜೆರಾಕ್ಸ್ ಅಂಗಡಿಯ ಪ್ರಿಂಟರಿನಿಂದ ಬರುತ್ತದೆ. ಕೆಡುವುದೂ ಅಲ್ಲೇ.

ಹಾಳೆಯೊಳಗೆ ಹಿಡಿಸಲೆಂದು ಪ್ರಿಂಟರ್ ಚಿತ್ರವನ್ನು ತುಸು ಕುಗ್ಗಿಸಿಬಿಡಬಹುದು. ಕಣ್ಣಿಗೆ ತಿಳಿಯದು. ನೂರಕ್ಕೆ 95ರಂತೆ ಬಂದರೆ 40 ಇಂಚಿನ ಎದೆಸುತ್ತು 38 ಆಗುತ್ತದೆ. ಹೊಲಿದ ಮೇಲೆ ಅದು ತಂಗಿಗೆ! ಆದ್ದರಿಂದ ಶೇಕಡಾ 100ರ ಅಳತೆಯಲ್ಲೇ ತೆಗೆಯಲು ಹೇಳಿ. ಸಾಮಾನ್ಯವಾಗಿ ಮಾದರಿಯ ಒಂದು ಹಾಳೆಯಲ್ಲಿ ಪರೀಕ್ಷೆಗೆಂದೇ ಚೌಕವೊಂದು ಇರುತ್ತದೆ. ಮೊದಲು ಅದೊಂದು ಹಾಳೆಯನ್ನಷ್ಟೇ ತೆಗೆಸಿ ಸ್ಕೇಲಿನಿಂದ ಅಳೆಯಿರಿ. ಬರೆದಷ್ಟೇ ಇದ್ದರೆ ಮಾತ್ರ ಉಳಿದ ಹಾಳೆಗಳಿಗೆ ದುಡ್ಡು ಕೊಡಿ.

ಹೊಲಿಗೆಯ ಮಾರ್ಜಿನ್ ಸೇರಿದೆಯೇ ಎಂದು ಓದಿ, ಕೆಲವದರಲ್ಲಿ ಇರುವುದಿಲ್ಲ. ಬಾಣದ ಗುರುತು ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಲಿ. ಹತ್ತಿಯ ಬಟ್ಟೆಯಾದರೆ ನೆನೆಸಿ, ಒಣಗಿಸಿದ ಮೇಲೆಯೇ ಕತ್ತರಿ. ಹೊಲಿಗೆ ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ.

ವಿದೇಶದ ಮಾದರಿಗಳಲ್ಲಿ ತೋಳು, ಉದ್ದ ನಮಗೆ ಸಾಲದೆ ಇರಬಹುದು. ಉದ್ದ ಹೆಚ್ಚಿಸಲೆಂದು ಹಲವು ಮಾದರಿಗಳಲ್ಲಿ ಅಡ್ಡಗೆರೆ ಹಾಕಿರುತ್ತಾರೆ. ಅಲ್ಲಿ ಕಾಗದ ಕತ್ತರಿಸಿ, ಬೇಕಾದಷ್ಟು ಅಗಲದ ಪಟ್ಟಿ ಅಂಟಿಸಿಕೊಳ್ಳಿ. ಆಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಒಮ್ಮೆ ದೊಡ್ಡ ಹೊಲಿಗೆ ಹಾಕಿ, ತೊಟ್ಟು, ತೋಳೆತ್ತಿ, ಬಾಗಿ ನೋಡಿ. ನಮಾಜಿನಲ್ಲಿ ಬೆನ್ನು ಬಿಗಿಯುವ ಕುರ್ತಾ ಯಾರಿಗೆ ಬೇಕು?