ಅದಿರಿಗಿಲ್ಲದ ಗಡಿ ತನಿಖೆಗೆ ಮಾತ್ರ ಏಕೆ?

ಓಬಳಾಪುರದ ಗುಡ್ಡದ ಮೇಲೆ ಸುಗ್ಗಲಮ್ಮನ ಗುಡಿಯೊಂದಿತ್ತು. ಬಳ್ಳಾರಿ ಕಡೆಯವರೂ ರಾಯದುರ್ಗದ ಕಡೆಯವರೂ ನಡೆದುಕೊಳ್ಳುತ್ತಿದ್ದ ತಾಯಿ. ಎರಡು ರಾಜ್ಯಗಳ ಗಡಿ ಹಾದುಹೋಗುವ ಜಾಗವದು. 2006ರಲ್ಲಿ ಆ ಗುಡಿಯನ್ನು ಸಿಡಿಮದ್ದಿಟ್ಟು ಕೆಡವಿದರು. ಗುಡಿಯ ಅಡಿಯಲ್ಲಿ ಕಬ್ಬಿಣದ ಅದಿರಿತ್ತು, ಆ ಅದಿರನ್ನು ಕೊಳ್ಳುವವರು ಸಮುದ್ರದ ಆಚೆ ಕಾದಿದ್ದರು. ಗುಡಿಯ ಜತೆಗೆ ಗಡಿಯ ಗುರುತುಗಳೂ ಒಂದೊಂದಾಗಿ ಕಾಣೆಯಾದವು. ಜಾಗತೀಕರಣ ನಮ್ಮ ಸೀಮೆಯ ಅಪರಾಧಕ್ಕೂ ನ್ಯಾಯಕ್ಕೂ ಏನು ಮಾಡಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗುಡ್ಡವನ್ನು.

ಓಬಳಾಪುರ ಇರುವುದು ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಕಂದಾಯ ವಿಭಾಗದ ಡಿ.ಹಿರೇಹಾಳ್ ಮಂಡಲದಲ್ಲಿ. ಈ ಊರುಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಅನಂತಪುರ ಜಿಲ್ಲೆಯನ್ನು 1882ರಲ್ಲಿ ಬಳ್ಳಾರಿಯಿಂದಲೇ ಬೇರ್ಪಡಿಸಿದ್ದು. ರಾಯದುರ್ಗವಂತೂ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ, ಆಲೂರು, ಆದವಾನಿ ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯ ಮೈಮೇಲೆ ಎಳೆದ ಗೆರೆ ಇದು. ನೆಂಟಸ್ತನಕ್ಕೆ, ಸಂತೆಗೆ, ಜಾತ್ರೆಗೆ ಅದು ಎಂದೂ ಅಡ್ಡ ಬಂದಿಲ್ಲ. ಅಡ್ಡ ಬಂದದ್ದು ಪೊಲೀಸರಿಗೆ, ಗಣಿ ಮತ್ತು ಅರಣ್ಯ ಇಲಾಖೆಗಳಿಗೆ.

ಗುಡಿ ಬಿದ್ದದ್ದು ಚೀನಾ ಉಕ್ಕಿನ ಕಾರ್ಖಾನೆಗಳನ್ನು ಮೇಲಿಂದ ಮೇಲೆ ಕಟ್ಟಿದ ವರ್ಷಗಳಲ್ಲಿ. ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿತ್ತು. ಅಲ್ಲಿಯವರೆಗೆ ಕೇಳುವವರಿಲ್ಲದ ಕಡಿಮೆ ದರ್ಜೆಯ ಪುಡಿ ಅದಿರಿಗೂ ಬೆಲೆ ಬಂತು. ಸಿಬಿಐ ಆರೋಪಪಟ್ಟಿಯ ತಿರುಳು ಇಷ್ಟೇ: ಓಬಳಾಪುರಂ ಮೈನಿಂಗ್ ಕಂಪನಿಗೆ ಗುತ್ತಿಗೆ ಸಿಕ್ಕಿದ್ದು ಆಂಧ್ರದಲ್ಲಿ, ಅಗೆದದ್ದು ಗಡಿ ದಾಟಿ, ಅಗೆದದ್ದು ಕರ್ನಾಟಕದ ಮಣ್ಣು, ಲಾರಿಗೆ ಕೊಟ್ಟ ಪರ್ಮಿಟ್ಟು ಆಂಧ್ರದ್ದು. ಗಡಿ ಎಲ್ಲಿದೆ ಎಂಬುದೇ ಗೊತ್ತಾಗದಂತೆ ಮಾಡಿದ ಮೇಲೆ ಯಾವ ಚೆಕ್‌ಪೋಸ್ಟ್ ತಾನೇ ಏನು ಮಾಡೀತು? ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸಲ್ಲಿಸಿದ ವರದಿಯ ಪ್ರಕಾರ 2006ರಿಂದ 2010ರ ನಡುವೆ ರಾಜ್ಯದಿಂದ ಅಕ್ರಮವಾಗಿ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಒಂದೊಂದು ಪರ್ಮಿಟ್ಟನ್ನೂ ಬಂದರಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ತೆಗೆದ ಅಂಕಿ ಇದು. ಅದಿರು ಕಾಗದದ ಮೇಲೆ ಸಿಂಗಪುರದ ಕಂಪನಿಗೆ ಕಡಿಮೆ ಬೆಲೆಗೆ ಮಾರಾಟವಾಗಿ, ಅಲ್ಲಿಂದ ಹೆಚ್ಚಿನ ಬೆಲೆಗೆ ಚೀನಾಕ್ಕೆ ಹೋಗುತ್ತಿದ್ದ ಬಗೆಯನ್ನೂ ಆ ವರದಿ ಬಿಡಿಸಿಟ್ಟಿತು. ಮಣ್ಣು ನಮ್ಮದು, ಹಡಗು ಯಾರದೋ, ಲಾಭ ಮೂರನೆಯ ದೇಶದ ಖಾತೆಯಲ್ಲಿ.

ಈಗ ನ್ಯಾಯದ ಗತಿ ನೋಡಿ. ಸಿಬಿಐ ಪ್ರಕರಣ ದಾಖಲಿಸಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ಕಂಪನಿಯ ಒಡೆಯ ಗಾಲಿ ಜನಾರ್ದನ ರೆಡ್ಡಿ ಬಂಧನ 2011ರ ಸೆಪ್ಟೆಂಬರ್ 5ರಂದು. ಹೈದರಾಬಾದಿನ ಸಿಬಿಐ ನ್ಯಾಯಾಲಯ ಅವರನ್ನೂ ಇನ್ನು ಕೆಲವರನ್ನೂ ತಪ್ಪಿತಸ್ಥರೆಂದು ಸಾರಿ ಏಳು ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮರುತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ನಡುವೆ, 2014ರಲ್ಲಿ, ಆಂಧ್ರಪ್ರದೇಶವೇ ಒಡೆದು ಹೋಗಿತ್ತು. ಅಪರಾಧ ನಡೆದದ್ದು ಆಂಧ್ರ–ಕರ್ನಾಟಕದ ಗಡಿಯಲ್ಲಿ, ತೀರ್ಪು ಬಂದದ್ದು ಮೂರನೆಯ ರಾಜ್ಯದ ರಾಜಧಾನಿಯಲ್ಲಿ. ಕರ್ನಾಟಕದ ಅದಿರು ಕೇಸುಗಳು ಬೆಂಗಳೂರಿನಲ್ಲಿ ಬೇರೆಯೇ ನಡೆದವು. 2009–10ರ ರಫ್ತಿನ ಹಣದ ಜಾಡು ಹಿಡಿಯಲು ಬೆಂಗಳೂರಿನ ವಿಶೇಷ ನ್ಯಾಯಾಲಯ ಸ್ವಿಟ್ಜರ್ಲೆಂಡ್, ಸಿಂಗಪುರ, ಐಲ್ ಆಫ್ ಮ್ಯಾನ್, ಯುಎಇಗಳಿಗೆ ಕೋರಿಕೆ ಪತ್ರ ಬರೆಯಲು ಒಪ್ಪಿದ್ದು 2023ರ ಜನವರಿಯಲ್ಲಿ. ಹಣ ಹೋದ ಹದಿಮೂರು ವರ್ಷದ ಮೇಲೆ ಪತ್ರ ಹೊರಟಿತು.

ಇದನ್ನು ನೋಡಿದ ಬಹುತೇಕರು ದೋಷವೆಲ್ಲ ದೆಹಲಿ ಮತ್ತು ಸಿಂಗಪುರದ ನಡುವೆ ಇದೆ ಎನ್ನುತ್ತಾರೆ. ಒಪ್ಪಂದ ಬೇಕು, ಇಂಟರ್‌ಪೋಲ್ ಬೇಕು ಎನ್ನುತ್ತಾರೆ. ಬೇಕು, ನಿಜ. ಅಂತರರಾಷ್ಟ್ರೀಯ ಸಂಘಟಿತ ಅಪರಾಧದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2011ರಲ್ಲೇ ಅನುಮೋದಿಸಿದೆ. ರಾಜ್ಯ ಪೊಲೀಸರು ಇಂಟರ್‌ಪೋಲ್ ನೆರವು ಕೇಳಲೆಂದು ಸಿಬಿಐನ ‘ಭಾರತ್‌ಪೋಲ್’ 2025ರ ಜನವರಿಯಲ್ಲಿ ಶುರುವಾಗಿದೆ. ಆದರೆ ನನ್ನ ತಕರಾರು ಬೇರೆ. ಸರಪಳಿ ತುಂಡಾದದ್ದು ಸಿಂಗಪುರದಲ್ಲಲ್ಲ, ಬಳ್ಳಾರಿ ಮತ್ತು ಡಿ.ಹಿರೇಹಾಳ್‌ಗಳ ನಡುವೆ. ಕಂಪನಿಯ ಲಾರಿ ಎರಡೂ ಕಡೆ ಓಡಾಡುತ್ತಿದ್ದಾಗ ಎರಡೂ ಕಡೆಯ ಅಧಿಕಾರಿಗಳು ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಕೂತಿದ್ದರೆ ಸಾಕಿತ್ತು. ಗಣಿ ಮಾಲೀಕ ಟಪಾಲ್ ಗಣೇಶ್ ಗಡಿ ಒತ್ತುವರಿಯ ದೂರು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ನಡುವೆ ಬಂದು, ಭಾರತೀಯ ಸರ್ವೇಕ್ಷಣಾ ಇಲಾಖೆ ಗಡಿಯನ್ನು ಮತ್ತೆ ಅಳೆದು ಗುರುತು ಹಾಕುವ ಹೊತ್ತಿಗೆ ಒಂದು ದಶಕವೇ ಕಳೆದಿತ್ತು. ಗುಡ್ಡ ಅಷ್ಟರಲ್ಲಿ ಹಳ್ಳವಾಗಿತ್ತು.

ಇದೇ ಸೀಮೆಯ ಹಿಂದೂಪುರದ ಕಡೆ ಬಂದರೆ ಬಂಡವಾಳ ಬೇರೆ ರೂಪದಲ್ಲಿ ಬಂದಿದೆ. ಪಕ್ಕದ ಪೆನುಕೊಂಡದಲ್ಲಿ ದಕ್ಷಿಣ ಕೊರಿಯಾದ ಕಿಯಾ ಕಾರ್ಖಾನೆಯಿಂದ ಮೊದಲ ಕಾರು ಹೊರಬಂದದ್ದು 2019ರ ಆಗಸ್ಟ್‌ನಲ್ಲಿ. ಸಾವಿರಾರು ಮಂದಿಗೆ ಕೆಲಸ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಅಲ್ಲಿಂದ 900ಕ್ಕೂ ಹೆಚ್ಚು ಎಂಜಿನ್‌ಗಳು ಕಾಣೆಯಾಗಿವೆ ಎಂದು ಕಂಪನಿ ಪೊಲೀಸರಿಗೆ ದೂರು ಕೊಟ್ಟದ್ದು 2025ರ ಮಾರ್ಚ್‌ನಲ್ಲಿ. ಕಳವು 2020ರಿಂದಲೇ ನಡೆದಿತ್ತು ಎಂದು ಪೊಲೀಸರು ಹೇಳಿದರು. ಕುರಿ ಕಳವು, ಕೊಳವೆಬಾವಿಯ ಮೋಟಾರ್ ಕಳವಿನ ದೂರು ಬರೆದುಕೊಂಡು ಬಂದ ಠಾಣೆಯ ಮುಂದೆ ಈಗ ಗೇಟ್‌ಪಾಸು, ಇನ್‌ವಾಯ್ಸು, ಅನೇಕ ರಾಜ್ಯ ದಾಟಿ ಹೋದ ಸರಕಿನ ಲೆಕ್ಕ. ಕಾರ್ಖಾನೆ ತರುವಾಗ ನೆಲ, ನೀರು, ಕರೆಂಟು, ರಸ್ತೆ ಎಲ್ಲವನ್ನೂ ಯೋಜಿಸಿದೆವು. ಠಾಣೆಗೆ ಲೆಕ್ಕಪತ್ರ ಓದಬಲ್ಲ ಒಬ್ಬ ಅಧಿಕಾರಿ ಬೇಕು ಎಂದು ಯಾರೂ ಯೋಜಿಸಲಿಲ್ಲ.

ಸರಕಿನ ಕಳವಿಗೆ ಕಂಪನಿಯಾದರೂ ಬಂದು ದೂರು ಕೊಡುತ್ತದೆ. ಮನುಷ್ಯರ ಕಳವಿಗೆ? ಅನಂತಪುರ ಶೇಂಗಾದ ಜಿಲ್ಲೆ. 1994ರಲ್ಲಿ ಖಾದ್ಯತೈಲದ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ತಾಳೆ ಎಣ್ಣೆ ಬಂತು. ಮಳೆಯೂ ಕೈಕೊಟ್ಟ ವರ್ಷಗಳಲ್ಲಿ ಶೇಂಗಾ ನಂಬಿದವರು ನೆಲಕಚ್ಚಿದರು. ಸಾಲದ ಮನೆಯ ಬಾಗಿಲಿಗೆ ಏಜೆಂಟ್ ಬರುತ್ತಾನೆ. ಕದಿರಿ ಕಡೆಯ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಕುವೈತ್‌ಗೆ ಹೋಗುವುದು, ಕೆಲಸ ಕೊಡಿಸುತ್ತೇನೆಂದು ಕರೆದೊಯ್ದವರನ್ನು ಭಿವಂಡಿ, ಪುಣೆ, ದೆಹಲಿಗಳಲ್ಲಿ ಮಾರುವುದು ಈ ಸೀಮೆಗೆ ಹೊಸ ಸುದ್ದಿಯಲ್ಲ. 1983ರ ವಲಸೆ ಕಾಯ್ದೆಯಡಿಯ ನಿಯಮದ ಪ್ರಕಾರ ಮನೆಗೆಲಸಕ್ಕೆ ಗಲ್ಫ್‌ಗೆ ಹೋಗುವ ಹೆಣ್ಣಿಗೆ 30 ವರ್ಷ ತುಂಬಿರಬೇಕು, ಸರ್ಕಾರಿ ಸಂಸ್ಥೆಯ ಮೂಲಕವೇ ಹೋಗಬೇಕು. ಊರಿನ ಸಬ್ ಏಜೆಂಟ್ ಕೊಡಿಸುವುದು ವಿಸಿಟ್ ವೀಸಾ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು ಕೂಡಿಹಾಕಿದರೆ ಅಪರಾಧ ಎಲ್ಲಿ ನಡೆಯಿತು? ಹಳ್ಳಿಯ ಜಗಲಿಯಲ್ಲೇ, ವಿಮಾನ ನಿಲ್ದಾಣದಲ್ಲೇ, ಪರದೇಶದ ಅಡುಗೆಮನೆಯಲ್ಲೇ? ಹೊರದೇಶದಲ್ಲಿ ನಡೆದ ಕೃತ್ಯದ ವಿಚಾರಣೆಗೆ ಕೇಂದ್ರದ ಪೂರ್ವಾನುಮತಿ ಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 208ನೇ ಸೆಕ್ಷನ್ ಹೇಳುತ್ತದೆ. ಆದರೆ ಹಳ್ಳಿಯ ಜಗಲಿಯಲ್ಲಿ ನಡೆದ ಮೋಸಕ್ಕೆ ಯಾರ ಅನುಮತಿಯೂ ಬೇಡ. ಆ ಸಬ್ ಏಜೆಂಟ್‌ನ ಮನೆ ಠಾಣೆಗೆ ಗೊತ್ತು, ಅವನ ಬೈಕಿನ ನಂಬರೂ ಗೊತ್ತು. ಕೇಸನ್ನು ಅಲ್ಲಿಂದ ಶುರುಮಾಡದೆ ಕುವೈತ್‌ನ ಹೆಸರು ಹೇಳಿ ಕೈಚೆಲ್ಲುವುದನ್ನು ನಾನು ಒಪ್ಪಲಾರೆ.

ಫೋನಿನ ವಂಚನೆಯದೂ ಇದೇ ಪಾಡು. ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣಿನ ಲೆಕ್ಕ ಬರೆಯುತ್ತ ಕೂತವರಿಗೆ ವಿಡಿಯೊ ಕಾಲ್ ಬಂತೆನ್ನಿ. ಆಚೆ ಖಾಕಿ ತೊಟ್ಟವನು, ಹಿಂದೆ ಸಿಬಿಐ ಲಾಂಛನ. ‘ಡಿಜಿಟಲ್ ಅರೆಸ್ಟ್’ ಎಂಬ ಬೆದರಿಕೆಗೆ ಹೆದರಿ ಮಗಳ ಮದುವೆಯ ದುಡ್ಡನ್ನು ಕಳಿಸಿಬಿಡುತ್ತಾರೆ. 2024ರಲ್ಲಿ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡದ್ದು ₹22,845 ಕೋಟಿ, ಹಿಂದಿನ ವರ್ಷದ ಮೂರು ಪಟ್ಟು. ಆ ವರ್ಷದ ಮೊದಲ ನಾಲ್ಕು ತಿಂಗಳ ದೂರುಗಳಲ್ಲಿ ಶೇ 46ರಷ್ಟರ ಮೂಲ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ಎಂದು ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರ ಹೇಳಿತು. ಅಲ್ಲಿ ಕೂತು ಫೋನ್ ಮಾಡುವವರಲ್ಲಿ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ನಮ್ಮದೇ ಹುಡುಗರೂ ಇದ್ದಾರೆ. 2024ರ ಮೇನಲ್ಲಿ ವಿಶಾಖಪಟ್ಟಣದ ಪೊಲೀಸರು ಕಾಂಬೋಡಿಯಾದ ಜಾಲವನ್ನು ಬಯಲಿಗೆಳೆದಾಗ ಅದು ಆಂಧ್ರಕ್ಕೆಲ್ಲ ಗೊತ್ತಾಯಿತು.

ಹಣ ಮೊದಲು ಹೋಗುವುದು ಮಾತ್ರ ಕಾಂಬೋಡಿಯಾಕ್ಕಲ್ಲ. ಕಮಿಷನ್ ಆಸೆಗೆ ಬಡವರೋ ವಿದ್ಯಾರ್ಥಿಗಳೋ ಬಾಡಿಗೆಗೆ ಕೊಟ್ಟ ನಮ್ಮ ದೇಶದ್ದೇ ಬ್ಯಾಂಕ್ ಖಾತೆಗೆ. ಆ ಖಾತೆ ಗೌರಿಬಿದನೂರಿನಲ್ಲಿ ಇದ್ದರೂ ಇರಬಹುದು. ಹಿಂದೂಪುರದಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ತಲುಪುವ ಊರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ ಹಣ ತಡೆಯಬಹುದು. ತಡವಾದರೆ ಕಾಗದದ ದಾರಿಯೇ ಗತಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಅದರಡಿಯ ಅಪರಾಧದ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಮಂಡಲ ಠಾಣೆಯಲ್ಲಿ ಇರುವುದು ಎಸ್‌ಐ. ಹಾಗಾಗಿ ಫೈಲು ಸರ್ಕಲ್‌ಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ಕರ್ನಾಟಕಕ್ಕೆ. ಹಣ ಐದು ಖಾತೆ ದಾಟಿ ಕ್ರಿಪ್ಟೊ ಆಗಿ ದೇಶ ಬಿಡಲು ಇಷ್ಟು ಹೊತ್ತು ಬೇಡ.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಅನಂತಪುರ, ಶ್ರೀ ಸತ್ಯಸಾಯಿ ಜಿಲ್ಲೆಗಳ ಪೊಲೀಸರೂ ಬಳ್ಳಾರಿ, ಚಿತ್ರದುರ್ಗ, ತುಮಕೂರು, ಚಿಕ್ಕಬಳ್ಳಾಪುರದ ಪೊಲೀಸರೂ ಸೇರಿ ಒಂದು ಕಾಯಂ ತನಿಖಾ ಘಟಕ ಮಾಡಿಕೊಳ್ಳಲಿ. ಅದರಲ್ಲಿ ಬ್ಯಾಂಕ್ ಲೆಕ್ಕ ಓದಬಲ್ಲವರು ಇರಲಿ, ಎರಡೂ ಲಿಪಿ ಬಲ್ಲವರಿರಲಿ. 2024ರ ಜುಲೈ 1ರಿಂದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಕಾನೂನೇ ಹೇಳುತ್ತಿದೆ. ಆದರೆ ದೂರಿನ ಜತೆ ತನಿಖೆಯೂ ಗಡಿ ದಾಟಬೇಕು. ಚುನಾವಣೆ ಬಂದಾಗ ಎರಡೂ ರಾಜ್ಯದವರು ಗಡಿ ಚೆಕ್‌ಪೋಸ್ಟಿನಲ್ಲಿ ಒಟ್ಟಿಗೆ ಕೂರುತ್ತಾರೆ. ಉಳಿದ ದಿನಗಳಲ್ಲಿ ಕೂರಲು ಆಗದೆಂದರೆ ನಂಬುವುದು ಹೇಗೆ?

ಎಫ್‌ಐಆರ್ ಬರೆದ ಮೇಲೆ ದೂರುದಾರರಿಗೆ ಓದಿ ಹೇಳಬೇಕೆಂಬುದು ಕಾನೂನು. ಮಡಕಶಿರಾ, ಕುಂದುರ್ಪಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ತೆಲುಗು ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಮಗಳು ಗಲ್ಫ್‌ನಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದು ಠಾಣೆಗೆ ಬಂದ ಅಂಥ ತಾಯಿ ಕಾಗದದ ಕೆಳಗೆ ಕನ್ನಡದಲ್ಲಿ ರುಜು ಹಾಕುತ್ತಾಳೆ. ಮೇಲೆ ಬರೆದದ್ದರಲ್ಲಿ ಏಜೆಂಟ್‌ನ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಅವಳೇ ಓದಿ ನೋಡುವಂತಾಗಲಿ. ಅದಕ್ಕೆ ಸಿಂಗಪುರಕ್ಕೆ ಪತ್ರ ಬರೆಯಬೇಕಿಲ್ಲ.